ತೋಡಿನಾಚೆಯ ಮನೆಯ ತೆರಿಗೆ

ಮೊನ್ನೆ ಮಗ ಮನೆತೆರಿಗೆಯ ಫಾರಮು ತಂದು ನನ್ನ ಮುಂದಿಟ್ಟ. ಈಗೆಲ್ಲ ನಮ್ಮ ಮನೆಯ ವಿವರ ನಾವೇ ಬರೆದು ಕೊಡಬೇಕಂತೆ. ಮಾಡು ಎಂಥದ್ದು, ಗೋಡೆ ಎಂಥದ್ದು ಎಂದು ವಿಚಾರಿಸಿದ ಮೇಲೆ 'ನೆಲ' ಎಂದೊಂದು ಕಲಮು. ಮಣ್ಣೋ, ಸಿಮೆಂಟೋ, ಟೈಲ್ಸೋ ಎಂದು ಕೇಳಿತ್ತು. ಅದನ್ನು ಓದಿದ್ದೇ ತಡ, ಟೈಲ್ಸ್ ಹಾಕಿದ ಈ ಕೋಣೆಯಲ್ಲಿ ಕುಳಿತ ನನ್ನ ಮೂಗಿಗೆ ಹಸಿ ಸೆಗಣಿಯ ವಾಸನೆ ಬಡಿಯಿತು. ಗಟ್ಟಿಯಾಗಿ ನಕ್ಕುಬಿಟ್ಟೆ. ಅಡುಗೆಮನೆಯಿಂದ ಸೊಸೆ ಇಣುಕಿ ನೋಡಿದಳು. ವಯಸ್ಸಾದವರು ಒಬ್ಬರೇ ಕುಳಿತು ನಕ್ಕರೆ ಮನೆಯವರಿಗೆ ಸ್ವಲ್ಪ ಹೆದರಿಕೆಯೇ. ಅವಳಿಗೆ ವಿವರಿಸಲು ಹೋದರೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ನಿಮಗೆ ಪುರುಸೊತ್ತು ಇದ್ದರೆ ನಿಮಗೇ ಹೇಳುತ್ತೇನೆ.

ಅದು ಅರವತ್ತರ ದಶಕ ಆಗಷ್ಟೇ ಶುರುವಾದ ಕಾಲ. ನಾನು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ ಕಂಪೆನಿಯ ಬುಕಿಂಗ್ ಗುಮಾಸ್ತ. ಸುಳ್ಯ, ಕಡಬ, ಸುಬ್ರಹ್ಮಣ್ಯ, ಗುಂಡ್ಯ ಎಂದು ದಿನವಿಡೀ ಹೇಳಿ ಹೇಳಿ, ನಿದ್ದೆಯಲ್ಲೂ ಯಾರಿಗೋ ಸೀಟು ಕೊಡುತ್ತಿದ್ದೇನೆಂದು ಕುಸುಮ ತಮಾಷೆ ಮಾಡುತ್ತಿದ್ದಳು. ಕುಸುಮ ನನ್ನ ಹೆಂಡತಿ. ಇಚಿಲಂಪಾಡಿಯವಳು, ಅವಳ ಮನೆಮಾತು ತುಳು. ನಾನು ಸುಳ್ಯದ ಕಡೆಯವ, ನನ್ನದು ಅರೆಭಾಷೆ. ಜಗಳ ಬಂದರೆ ಅವಳು ತುಳುವಿಗೆ ಹೋಗುತ್ತಿದ್ದಳು, ನಾನು ಅರೆಭಾಷೆಗೆ. ರಾಜಿಯಾದ ಮೇಲೆ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದೆವು. ಇಲ್ಲಿ ನೀವು ಓದುವ ಮಾತುಗಳೆಲ್ಲ ಕನ್ನಡದಲ್ಲಿವೆ. ಅದರ ಮೇಲೆ ನಮ್ಮ ಸಂಸಾರ ಹೇಗಿತ್ತೆಂದು ಊಹಿಸಿಕೊಳ್ಳಿ.

ಆಗ ನಾವಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಲೈನು ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಯಾಚೆ ಇನ್ನೊಬ್ಬರ ಕೆಮ್ಮು. ದೊಡ್ಡ ಮಗಳು ವೇದಾವತಿಗೆ ಆರು ವರ್ಷ, ಮಗ ಇನ್ನೂ ತೊಟ್ಟಿಲಲ್ಲಿ. ಬಾಡಿಗೆ ವರ್ಷವರ್ಷವೂ ಏರುತ್ತಿತ್ತು. ಬಾಡಿಗೆ ಕೊಡುವುದೆಂದರೆ ಬೇರೆಯವರ ಗೋಡೆಗೆ ನಾವು ಸುಣ್ಣ ಬಳಿದ ಹಾಗೆ ಎಂದು ಕುಸುಮ ಹೇಳತೊಡಗಿದಳು. ನನಗೆ ಮಾತ್ರ ಸ್ವಂತ ಮನೆಯೆಂದರೆ ತೆರಿಗೆಯ ಹೆದರಿಕೆ. ಸ್ವಂತ ಮನೆ ಮಾಡಿದವನು ಸಾಯುವವರೆಗೆ ಪಂಚಾಯತಿನ ಒಕ್ಕಲು ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು. ನಾನು ಅದನ್ನು ನನ್ನದೇ ಮಾತೆಂಬಂತೆ ಮನೆಯಲ್ಲಿ ಹೇಳುತ್ತಿದ್ದೆ.

ಕುಸುಮ ಮನೆ ನೋಡುವ ಕ್ರಮವೇ ಬೇರೆ. ನಾನು ಕಿಟಕಿ ಬಾಗಿಲು ತಟ್ಟಿ ನೋಡಿ, ಮರ ಯಾವುದೆಂದು ಕೇಳಿ ದೊಡ್ಡಸ್ತಿಕೆ ತೋರಿಸುತ್ತಿದ್ದೆ. ಅವಳು ನೇರ ಬಾವಿಗೆ ಹೋಗಿ ಒಂದು ಕೊಡಪಾನ ನೀರು ಸೇದುತ್ತಿದ್ದಳು. ಹಗ್ಗ ಎಷ್ಟು ಮಾರು ಇಳಿಯಿತೆಂದು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದಳು. ಅದಾದ ಮೇಲೆ ಪಕ್ಕದ ಮನೆಗೆ ಹೋಗಿ ಕುಡಿಯಲು ನೀರು ಕೇಳುತ್ತಿದ್ದಳು. ನಮ್ಮ ಕಡೆ ಬಂದವರಿಗೆ ನೀರಿನ ಜೊತೆ ಒಂದು ತುಂಡು ಬೆಲ್ಲ ಕೊಡುವುದು ವಾಡಿಕೆ. ಬೆಲ್ಲ ಬಂದರೆ ಆ ಕೇರಿಯಲ್ಲಿ ಮಕ್ಕಳನ್ನು ಬಿಟ್ಟು ಹೋಗಬಹುದು ಎಂದು ಅವಳ ತೀರ್ಮಾನ. ಬರೀ ನೀರು ಬಂದರೆ ಕುಡಿದು, ಚೊಂಬು ಕೆಳಗಿಟ್ಟು, ಹೋಗುವ ಎನ್ನುತ್ತಿದ್ದಳು. ಹೀಗೆ ನೀರು ಕುಡಿದು ಕುಡಿದು ನಾವು ಪೇಟೆಯಲ್ಲಿ ಒಂಬತ್ತು ಮನೆ ಬಿಟ್ಟೆವು.

ಹತ್ತನೆಯದು ಪೇಟೆಯ ಅಂಚಿನಲ್ಲಿ, ಒಂದು ತೋಡಿನ, ಎಂದರೆ ಸಣ್ಣ ಹಳ್ಳದ, ಆಚೆಗೆ. ಅಲ್ಲಿ ಸಾಲಾಗಿ ಆರೇ ಮನೆ. ಒಬ್ಬ ಟೈಲರು, ಒಬ್ಬ ಕಂಪೌಂಡರು, ಒಬ್ಬ ಪ್ಯೂನು, ಹೀಗೆ ಪೇಟೆಯಲ್ಲಿ ದುಡಿದು ಪೇಟೆಯ ಬಾಡಿಗೆ ಕೊಡಲಾಗದವರು ಕಟ್ಟಿಕೊಂಡ ಮನೆಗಳು. ಮಾರಾಟಕ್ಕಿದ್ದ ಮನೆಗೆ ಹಂಚಿನ ಮಾಡು, ಕೆಂಪು ಸಿಮೆಂಟಿನ ನೆಲ. ಕ್ರಯ ಮಾತ್ರ ಪೇಟೆಯ ಮನೆಯ ಅರ್ಧ. ಕಾರಣ ಆ ತೋಡು. ದಾಟಲು ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಜೋರು ಮಳೆ ಬಂದರೆ ಸಂಕವೂ ನೀರಿನ ಜೊತೆ ಹೊರಟುಹೋಗುತ್ತಿತ್ತು. ಪಕ್ಕದ ಟೈಲರ್ ಸೇಸಪ್ಪಣ್ಣನ ಹೆಂಡತಿ ದೇಯಕ್ಕ ತಂದ ನೀರಿನ ಜೊತೆ ಬೆಲ್ಲ ಇತ್ತು. ನಾನು ತೋಡಿನ ಮಾತು ಎತ್ತಿದೆ, ತೆರಿಗೆಯ ಮಾತೂ ಎತ್ತಿದೆ.

"ತೋಡು ನಾಲ್ಕು ತಿಂಗಳು. ಬಾಡಿಗೆ ಹನ್ನೆರಡು ತಿಂಗಳು," ಎಂದಳು ಕುಸುಮ.

ಅವಳ ಎರಡು ಬಳೆ ಹೋದವು, ಮನೆ ಬಂತು. ಬಳೆಯಿಲ್ಲದ ಕೈ ನೋಡಿ ನನಗೆ ಬೇಸರವಾಯಿತು. ಅದನ್ನು ಹೇಳಿಯೂ ಹೇಳಿದೆ. ಅವಳು ಅಂಗಳದಲ್ಲಿ ಬಸಳೆ ಚಪ್ಪರ ಎಲ್ಲಿ ಹಾಕುವುದೆಂದು ನೋಡುತ್ತಿದ್ದಳು.

ಮೊದಲನೇ ಮಳೆಗಾಲದಲ್ಲಿ ಸಂಕ ಮೂರು ಸಲ ಹೋಯಿತು. ಸಂಕವಿಲ್ಲದ ದಿನ ಕುಸುಮ ಸೀರೆ ಎತ್ತಿ ಕಟ್ಟಿ, ವೇದಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸೊಂಟದವರೆಗಿನ ನೀರಿನಲ್ಲಿ ದಾಟಿಸಿ ಶಾಲೆಗೆ ಬಿಡುತ್ತಿದ್ದಳು. ಸಂಜೆ ಮತ್ತೆ ಹಾಗೆಯೇ. ನಾನು ಸುಳ್ಯದ ಮೊದಲ ಬಸ್ಸಿಗಾಗಿ ಬೆಳಗಾಗುವ ಮೊದಲೇ ಸೈಕಲ್ ಹತ್ತಿ ಎರಡು ಮೈಲಿ ಸುತ್ತಿ ಸೇತುವೆಯ ರಸ್ತೆಯಲ್ಲಿ ಹೋಗುತ್ತಿದ್ದೆ. ಹೊರಡುವಾಗ ವೇದ ಮಲಗಿರುತ್ತಿದ್ದಳು, ಬರುವಾಗ ಮಗ್ಗಿ ಹೇಳುತ್ತಿದ್ದಳು. ಮಧ್ಯದ್ದು ನನಗೆ ಗೊತ್ತಿರಲಿಲ್ಲ.

ಒಂದು ದಿನ ಮನೆಗೆ ಬಂದಾಗ ತಾಯಿ ಮಗಳು ಇಬ್ಬರೂ ತಲೆಕೂದಲು ಬಿಚ್ಚಿ ಒಲೆಯ ಮುಂದೆ ಕುಳಿತಿದ್ದರು. ಹೊಸ ಸ್ಲೇಟು ಬೇಕು ಎಂದಳು ಕುಸುಮ, ಅಷ್ಟೇ. ದೇಯಕ್ಕ ನನ್ನನ್ನು ಹೊರಗೆ ಕರೆದು ನಡೆದದ್ದನ್ನು ಹೇಳಿದರು. ನಡುತೋಡಿನಲ್ಲಿ ಕುಸುಮಳ ಕಾಲು ಜಾರಿ ಇಬ್ಬರೂ ಮುಳುಗಿದ್ದರಂತೆ. ಮೇಲೆ ಬಂದಾಗ ಮಗುವಿನ ಜಡೆ ಮಾತ್ರ ಅವಳ ಮುಷ್ಟಿಯಲ್ಲಿತ್ತಂತೆ. ಚೀಲ, ಸ್ಲೇಟು, ಕೊಡೆ ಎಲ್ಲ ಹೋಯಿತಂತೆ.  ಕೇಳಿದವನೇ ಒಳಗೆ ಬಂದು, ಇನ್ನು ಮಳೆಗಾಲ ಮುಗಿಯುವವರೆಗೆ ಶಾಲೆ ಬೇಡ ಎಂದೆ.

"ವರ್ಷವೂ ನಾಲ್ಕು ತಿಂಗಳು ಬಿಡಿಸಿದ್ರೆ ಅದು ಶಾಲೆ ಬಿಡಿಸಿದ ಹಾಗೇ," ಎಂದಳು ಅವಳು. "ಸಂಕ ಬೇಕು. ನೀವು ಅರ್ಜಿ ಬರೀರಿ."

ನನ್ನ ಅಕ್ಷರ ದುಂಡು. ಅರ್ಜಿಯೂ ದುಂಡಾಗಿಯೇ ಬಂತು. ಕೊಟ್ಟು ಬಂದ ಒಂದು ತಿಂಗಳಲ್ಲಿ ಪಂಚಾಯತಿನ ಒಬ್ಬ ಮೆಂಬರರು ಬಸ್ಸಿಗೆ ಬಂದವರು ನನಗೆ ಮರ್ಯಾದೆಯಿಂದಲೇ ಉತ್ತರ ಹೇಳಿದರು. ತೆರಿಗೆ ಪುಸ್ತಕದ ಪ್ರಕಾರ ತೋಡಿನಾಚೆ ಇರುವುದು ಮಣ್ಣಿನ ನೆಲದ ಆರು ಮನೆ. ಅವುಗಳಿಂದ ಬರುವ ತೆರಿಗೆಯಲ್ಲಿ ಒಂದು ಕಲ್ಲು ಕೂಡ ಕೂರಿಸಲು ಆಗುವುದಿಲ್ಲ, ಯಾವ ಬಾಯಿಂದ ಸಂಕ ಕೇಳಲಿ ಎಂದರು.

ಮಣ್ಣಿನ ನೆಲ ಹೇಗೆ ಬಂತೆಂದು ನನಗೆ ಅರ್ಥವಾಗಲಿಲ್ಲ. ಸೇಸಪ್ಪಣ್ಣನೇ ನಗುತ್ತ ಬಿಡಿಸಿ ಹೇಳಿದರು. ಸಿಮೆಂಟಿನ ನೆಲಕ್ಕೆ ತೆರಿಗೆ ಹೆಚ್ಚು. ಮನೆ ಅಳೆಯಲು ಬಿಲ್ ಕಲೆಕ್ಟರು ಬರುವ ಸುದ್ದಿ ಸಿಕ್ಕಿದ ಕೂಡಲೇ ಆರೂ ಮನೆಯವರು ಸಿಮೆಂಟಿನ ಮೇಲೆ ದಪ್ಪಕ್ಕೆ ಸೆಗಣಿ ಸಾರಿಸಿ ನೆಲವನ್ನು ಮುಚ್ಚಿಬಿಡುತ್ತಿದ್ದರು. ಅವರು ಹೋದ ಮೇಲೆ ತೊಳೆಯುತ್ತಿದ್ದರು. ಈ ಉಪಾಯ ತನ್ನದೇ ಎಂದು ಸೇಸಪ್ಪಣ್ಣನಿಗೆ ಹೆಮ್ಮೆ. ಹೇಳಿದರೆ ನಾಚಿಕೆ, ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಮೆಂಬರರ ಮಾತನ್ನು ಕುಸುಮಳಿಗೆ ಹೇಳಿದ್ದೆ. ಈ ಉಪಾಯವನ್ನೂ ಹೇಳಿದೆ. ಎರಡನ್ನೂ ಜೋಡಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮಳೆ ಬಿಟ್ಟು ಬಿಸಿಲು ಕಾದಾಗ ಬಿಲ್ ಕಲೆಕ್ಟರು ಬರುವ ದಿನ ತಿಳಿಯಿತು. ಸುದ್ದಿ ತಂದವನು ನಾನೇ. ಬಸ್‌ಸ್ಟ್ಯಾಂಡಿನಲ್ಲಿ ಕುಳಿತವನಿಗೆ ತಿಳಿಯದ ಸುದ್ದಿ ಯಾವುದಿದೆ? ಅಂದು ರಜೆ ಹಾಕಿ, ದೇಯಕ್ಕನ ಹಟ್ಟಿಯಿಂದ ಎರಡು ಬುಟ್ಟಿ ಸೆಗಣಿ ತಂದು, ಅಡಿಕೆ ಹಾಳೆಯ ತುಂಡು ಹಿಡಿದು ಕುಸುಮ ಏಳುವ ಮೊದಲೇ ಚಾವಡಿಗೆ ಸಾರಿಸಿದೆ. ಹುಟ್ಟಿದ ಮೇಲೆ ಮೊದಲ ಸಲ ಮಾಡಿದ ಕೆಲಸ. ಒಂದು ಕಡೆ ಗುಡ್ಡ, ಒಂದು ಕಡೆ ಹೊಂಡ, ಕೊನೆಗೆ ಹೊರಬರಲು ದಾರಿಯಿಲ್ಲದೆ ಮೂಲೆಯಲ್ಲಿ ನಿಂತುಬಿಟ್ಟೆ. ಕುಸುಮ ಎದ್ದು ಬಂದು ನನ್ನನ್ನೂ ನೆಲವನ್ನೂ ನೋಡಿದಳು. ನೇರ ಬಾವಿಕಟ್ಟೆಗೆ ಹೋದಳು. ಮೆಚ್ಚಿಕೊಂಡಳು ಎಂದೇ ನಾನು ತಿಳಿದೆ.

ಬಿಲ್ ಕಲೆಕ್ಟರು ಪುಸ್ತಕ ಬಗಲಲ್ಲಿಟ್ಟು ಮೊದಲು ನಮ್ಮ ಅಂಗಳಕ್ಕೇ ಬಂದರು. ಅವರು ಚಪ್ಪಲಿ ಬಿಡುವಷ್ಟರಲ್ಲಿ ಕುಸುಮ ಎರಡು ಬಾಲ್ದಿ ನೀರು ತಂದು ಚಾವಡಿಗೆ ಹೊಯ್ದಳು. ಹಿಡಿಸೂಡಿ ತೆಗೆದುಕೊಂಡು ತಿಕ್ಕಿದಳು. ಸೆಗಣಿ ನೀರು ಮೆಟ್ಟಿಲಿಳಿದು ಅಂಗಳಕ್ಕೆ ಹೋಯಿತು, ಕೆಂಪು ನೆಲ ಬೆಳಗಿನ ಬಿಸಿಲಿಗೆ ಥಳಥಳ ಹೊಳೆಯಿತು. ನಾನು ಕಂಬ ಹಿಡಿದು ನಿಂತಿದ್ದೆ.

"ಇದು ಸಿಮೆಂಟು. ಬರ್ಕೊಳ್ಳಿ," ಎಂದಳು. "ಎಷ್ಟು ಆಗ್ತದೋ ಅಷ್ಟು ಕಟ್ತೇವೆ. ಈ ಮನೆಗೆ ಹೋಗಲಿಕ್ಕೆ ಸಂಕ ಇಲ್ಲ ಅಂತ್ಲೂ ಅದ್ರಲ್ಲೇ ಬರೀರಿ."

ಬಿಲ್ ಕಲೆಕ್ಟರು ತುಂಬ ಹೊತ್ತು ನೆಲ ನೋಡಿದರು. ತಾನು ಬರುವ ದಿನ ಮಾತ್ರ ಈ ಕೇರಿಯಲ್ಲಿ ಸೆಗಣಿ ಇಷ್ಟು ಹಸಿಯಾಗಿರುವುದು ತನಗೂ ಗೊತ್ತುಂಟು, ಆದರೆ ಕಂಡದ್ದನ್ನು ಬರೆಯುವುದು ತನ್ನ ಕೆಲಸ, ಕೆರೆದು ನೋಡುವುದಲ್ಲ ಎಂದರು. ಉಳಿದ ಐದು ಮನೆ ಅಳೆಯಲು ಗುರುವಾರ ಬರುತ್ತೇನೆಂದು ಹೇಳಿ ಹೊರಟುಹೋದರು. ಎರಡು ದಿನದ ಅವಧಿ ಕೊಟ್ಟರು ಎಂದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಆ ಸಂಜೆಯೇ ಕೇರಿ ನಮ್ಮ ಮೇಲೆ ಮುನಿಯಿತು. ಒಂದು ಮನೆ ಸಿಮೆಂಟೆಂದು ಬರೆದಾದ ಮೇಲೆ ಉಳಿದವರ ಸೆಗಣಿಯನ್ನು ಯಾರು ನಂಬುತ್ತಾರೆ? ಸೇಸಪ್ಪಣ್ಣ ನನ್ನ ಮುಖ ನೋಡದೆ ಹೋದರು. ನನಗೆ ಭೂಮಿಗೆ ಇಳಿದು ಹೋದಂತಾಯಿತು. ಕುಸುಮ ಮಾತ್ರ ಮರುದಿನ ಐದೂ ಮನೆಗೆ ಒಂದೊಂದಾಗಿ ಹೋಗಿ ಹೆಂಗಸರ ಹತ್ತಿರ ಕುಡಿಯಲು ನೀರು ಕೇಳಿದಳು. ಎಷ್ಟು ಸಿಟ್ಟಿದ್ದರೂ ನೀರು ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ. ಕುಳಿತು ಕುಡಿಯುವಷ್ಟು ಹೊತ್ತು ಅವಳು ಮಾತಾಡಿದಳು. ಸಂಜೆ ದೇಯಕ್ಕನ ಮನೆಯಲ್ಲಿ ಹೇಳಿದ್ದು ಬೇಲಿಯ ಈಚೆ ನನಗೂ ಕೇಳಿಸಿತು.

"ನಾವು ಸೆಗಣಿ ಹಾಕಿ ಉಳಿಸುದು ವರ್ಷಕ್ಕೆ ಒಂದು ಕೊಡೆಯ ಕ್ರಯ, ದೇಯಕ್ಕ. ಆ ಕೊಡೆಯನ್ನು ತೋಡು ಕೊಂಡೋಗ್ತದೆ. ಮೊನ್ನೆ ನನ್ನ ಕೈಯಿಂದ ಮಗುವನ್ನೇ ಕೊಂಡೋಗ್ತಿತ್ತು, ನೀವು ನೋಡಿದ್ದೀರಿ."

ಗುರುವಾರ ನಾನು ಮತ್ತೆ ರಜೆ ಹಾಕಿದ್ದೆ. ಬೆಳಗ್ಗೆ ನಾಲ್ಕು ಮನೆಯಿಂದ ಹಿಡಿಸೂಡಿಯ ಸದ್ದು ಕೇಳಿತು. ಐದನೆಯದು ಸೇಸಪ್ಪಣ್ಣನದು. ಅವರು ಅಂಗಡಿಗೆ ಹೋದ ಮೇಲೆ ದೇಯಕ್ಕ ಬಾಲ್ದಿ ಎತ್ತಿದರು. ಮಧ್ಯಾಹ್ನ ಊಟಕ್ಕೆ ಬಂದ ಸೇಸಪ್ಪಣ್ಣ ತನ್ನದೇ ನೆಲದಲ್ಲಿ ತನ್ನ ಮುಖ ನೋಡಿ, ನೇರ ನಮ್ಮ ಜಗಲಿಗೆ ಬಂದರು. ಸಂಕ ಬಾರದಿದ್ದರೆ ತನಗೆ ಹೆಚ್ಚಾದ ತೆರಿಗೆ ಯಾರು ಕಟ್ಟುವುದು ಎಂದು ಕೇಳಿದರು. ನಾನು ಕಟ್ಟುತ್ತೇನೆ ಎಂದಳು ಕುಸುಮ.  ಸಂಬಳ ತರುವವನು ನಾನು, ಮಾತು ಕೊಡುವವಳು ಅವಳು.

ಸಂಕ ಆ ವರ್ಷ ಬರಲಿಲ್ಲ. ಕುಸುಮ ಸಂಜೆ ಹೊತ್ತು ಬೀಡಿ ಕಟ್ಟಿ ಸೇಸಪ್ಪಣ್ಣನ ಹೆಚ್ಚಿನ ತೆರಿಗೆ ಕೊಟ್ಟಳು. ಅವರು ಅದನ್ನು ತೆಗೆದುಕೊಂಡರು ಕೂಡ. ಮಳೆಗಾಲದಲ್ಲಿ ಮತ್ತೆ ವೇದಾಳನ್ನು ಎತ್ತಿಕೊಂಡು ದಾಟಿದಳು. ತಿಂಗಳಿಗೊಮ್ಮೆ ಆರು ಮನೆಯ ರಶೀದಿಗಳನ್ನು ಕಟ್ಟಿಕೊಂಡು ಪಂಚಾಯತಿಗೆ ಹೋಗಿ ಬೆಂಚಿನಲ್ಲಿ ಕುಳಿತು ಬರುತ್ತಿದ್ದಳು. ಎರಡನೇ ವರ್ಷ ದುಡ್ಡು ಕೊಡಲು ಹೋದಾಗ ಸೇಸಪ್ಪಣ್ಣ ಕೈ ಹಿಂದೆ ಕಟ್ಟಿಕೊಂಡರಂತೆ. ಅಂದಿನಿಂದ ಪಂಚಾಯತಿಗೆ ಹೋಗುವಾಗ ಅವಳ ಜೊತೆ ದೇಯಕ್ಕನೂ ಹೋದರು.

ಮೂರನೇ ಮಳೆಗಾಲದ ಮೊದಲು ಕಲ್ಲಿನ ಎರಡು ಕಂಬ ಎದ್ದವು, ಅದರ ಮೇಲೆ ಸಿಮೆಂಟಿನ ಹಲಗೆ ಕೂತಿತು. ಸೇಸಪ್ಪಣ್ಣ ಕುತ್ತಿಗೆಯ ಟೇಪು ತೆಗೆದು ಸಂಕದ ಅಗಲ ಅಳೆದು, ಮೂರಿಂಚು ಕಡಿಮೆ ಉಂಟು ಮಾರಾಯ್ರೆ ಎಂದು ಎಲ್ಲರಿಗೂ ಹೇಳಿದರು. ಆಟಿ ತಿಂಗಳ ಜಡಿಮಳೆಯ ದಿನವೊಂದರಲ್ಲಿ ವೇದ ಒಬ್ಬಳೇ ಕೊಡೆ ಹಿಡಿದು ದಾಟಿ ಹೋದಳಂತೆ, ಕುಸುಮ ಅಂಗಳದಲ್ಲೇ ನಿಂತು ನೋಡಿದಳಂತೆ. ನಾನು ಬಸ್‌ಸ್ಟ್ಯಾಂಡಿನಲ್ಲಿದ್ದೆ. ಆ ಹುಡುಗಿ ಒಂದು ದಿನವೂ ಶಾಲೆ ತಪ್ಪಿಸದೆ ಓದಿ, ಮುಂದೆ ತಾನೇ ಟೀಚರಾಗಿ ಕಡಬದಲ್ಲಿ ಮೂವತ್ತು ವರ್ಷ ಪಾಠ ಹೇಳಿದಳು.

ಬಹಳ ಕಾಲ ನಾನು ಇದನ್ನು ಸತ್ಯದ ಕಥೆಯೆಂದು ಹೇಳಿಕೊಂಡು ತಿರುಗಿದೆ. ನನ್ನ ಹೆಂಡತಿ ಸುಳ್ಳನ್ನು ತೊಳೆದವಳು ಎಂದು. ಹಾಗೆ ಹೇಳಿದಾಗೆಲ್ಲ ಅವಳಿಗೆ ಕಿರಿಕಿರಿ. ಪೇಟೆಯ ಮನೆಯ ಕ್ರಯ, ತೋಡಿನಾಚೆಯ ಮನೆಯ ಕ್ರಯ, ತೆರಿಗೆ, ಕೊಡೆ, ಮಗಳ ಓದು ಎಲ್ಲವನ್ನೂ ತೂಗಿ ನೋಡಿದವಳಿಗೆ ಸತ್ಯವಂತೆ ಎಂಬ ಬಿರುದು ಕೊಟ್ಟರೆ ಕಿರಿಕಿರಿಯಾಗದೆ ಇರುತ್ತದೆಯೇ? ಅವಳಷ್ಟು ಚೆನ್ನಾಗಿ ತೂಗಬಲ್ಲವರನ್ನು ನಾನು ಬೇರೆ ಕಂಡಿಲ್ಲ.

ಫಾರಮಿನಲ್ಲಿ ಬರೆಯಬೇಕಾದದ್ದನ್ನು ಬರೆದು ಮಗನ ಕೈಗೆ ಕೊಟ್ಟು ನಾನು ಜಗಲಿಗೆ ಬಂದೆ. ಕುಸುಮ ಅಲಸಂಡೆ ಮುರಿಯುತ್ತ ಕುಳಿತಿದ್ದಳು. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಅಂದು ಕೇಳಿದೆ. ಆ ಸಂಕ ಬಾರದೇ ಹೋಗಿದ್ದರೆ ನೀನು ಏನು ಮಾಡುತ್ತಿದ್ದೆ?

"ಎತ್ತಿಕೊಂಡು ಹೋಗುದು. ಮತ್ತೆಂತ?"

"ಹುಡುಗಿ ಬೆಳೆದು ಭಾರ ಆದ ಮೇಲೆ? ನಿನ್ನಿಂದ ಆಗದ ಮೇಲೆ?"

ಅವಳು ತಲೆ ಎತ್ತಲಿಲ್ಲ. ಇನ್ನೊಂದು ಅಲಸಂಡೆ ತೆಗೆದುಕೊಂಡಳು.

"ಮತ್ತೆ ನೀವು ಇರ್ಲಿಲ್ವಾ?" ಎಂದಳು.

ನಾನು ಅವಳ ಪಕ್ಕದಲ್ಲಿ ಕುಳಿತೆ. ಅಷ್ಟೆಲ್ಲ ತೂಗುವಾಗ ಅವಳು ನನ್ನನ್ನೂ ಸೇರಿಸಿಕೊಂಡಿದ್ದಳು. ಆ ಎರಡು ಮಳೆಗಾಲದಲ್ಲಿ ನಾನು ಒಂದು ದಿನವೂ ತೋಡಿನ ನೀರಿಗೆ ಇಳಿದವನಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.