ರಾಮಿರೊ ಸರ್‌ಗೆ ಸನ್ಮಾನ

ಆ ವರ್ಷಗಳಲ್ಲಿ ಲಂಡನ್ನಿನ ಅಂಚಿನ ಸ್ಟ್ಯಾನ್ಮೋರಿನಲ್ಲಿದ್ದ ನಮ್ಮ ಮನೆಯ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ನನ್ನ ಗ್ಲೌಸಿನ ನಾತ. ಅಮ್ಮನ ಒಗ್ಗರಣೆಯ ಘಮ ಆಮೇಲೆ. ನನಗಾಗ ಹನ್ನೊಂದು. ಕೌನ್ಸಿಲ್ ಮೈದಾನದಲ್ಲಿ ಆಡುವ ಹುಡುಗಿಯರ ಫುಟ್ಬಾಲ್ ತಂಡಕ್ಕೆ ನಾನೇ ಗೋಲ್‌ಕೀಪರ್. ನಮಗೆ ಕಲಿಸುತ್ತಿದ್ದ ರಾಮಿರೊ ಸರ್ ಒಂದು ಕಾಲಕ್ಕೆ ಪರಾಗ್ವೆ ದೇಶದ ಗೋಲು ಕಾದವರು. ಎಂಥ ಮಳೆಗೂ ಜಗ್ಗದೆ, ಫ್ಲಾಸ್ಕಿನ ಕಹಿ ಚಹಾ ಹೀರುತ್ತ, ಸೊಟ್ಟಗಾದ ಬೆರಳುಗಳಿಂದ ನನ್ನ ಮೊಣಕೈ ತಿದ್ದುತ್ತಿದ್ದರು.

ಒಮ್ಮೆ ನನ್ನ ಕಾಲ ಸಂದಿಯಿಂದ ಚೆಂಡು ನುಸುಳಿ ನಾವು ಸೋತೆವು. ಗೋಲಿನ ಹಿಂದೆ ಕೂತು ಅಳುತ್ತಿದ್ದೆ. ಸರ್ ಬಂದು ಪಕ್ಕದಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತರು.

"ನನಗೂ ಹೀಗೇ ಆಗಿತ್ತು. ಕೊನೇ ನಿಮಿಷ, ಸುಲಭದ ಚೆಂಡು. ಇಡೀ ದೇಶ ನೋಡ್ತಿತ್ತು."

ಆಮೇಲೆ ಊರಲ್ಲಿ ಬ್ರೆಡ್ ಅಂಗಡಿಯವನೂ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಲಂಡನ್ನಿನಲ್ಲಿ ಇದನ್ನು ಯಾರಿಗೂ ಹೇಳಿಲ್ಲ ಎಂದರು. ನಾನೂ ಹೇಳಲಿಲ್ಲ.

ಅಪ್ಪ ಧಾರವಾಡದವರು, ಆಸ್ಪತ್ರೆಯಲ್ಲಿ ಡಾಕ್ಟರು. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ, ಡ್ಯೂಟಿಯ ಗಡಿಬಿಡಿಯಲ್ಲಿ ನನ್ನ ಆಟ ನೋಡಿದ್ದೂ ಇಲ್ಲ. "ಇಷ್ಟು ದೊಡ್ಡ ಮನಶ್ಯಾ ನಮ್ಮ ಹುಡುಗೀಗೆ ಕಲಸಾಕತ್ತಾರ, ಒಂದು ಶಾಲು ಹೊದಸಲಿಲ್ಲಂದ್ರ ಹೆಂಗ?" ಎಂದು ಪಟ್ಟು ಹಿಡಿದರು. ವೆಂಬ್ಲಿಯ ಹಾಲ್‌ನಲ್ಲಿ, ನಮ್ಮವರ ರಾಜ್ಯೋತ್ಸವದ ದಿನ ಸನ್ಮಾನವೆಂದು ನಿಶ್ಚಯವಾಯಿತು.

ಸರ್ ಇಸ್ತ್ರಿ ಮಾಡಿದ ಹಳೇ ಸೂಟು ಹಾಕಿಕೊಂಡು ಬಂದರು. ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ. ಪೇಟ ಹುಬ್ಬಿನ ಮೇಲೆ ಜಾರಿತು. ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು. ಅಪ್ಪ ಮೈಕ್ ಹಿಡಿದು, ವೇದಿಕೆಯ ಕನ್ನಡದಲ್ಲಿ, "ಈಗ ಸರ್ ಅವರ ಆಟದ ಒಂದು ತುಣುಕು" ಎಂದರು. ಇಂಟರ್ನೆಟ್ಟಿನಲ್ಲಿ ಅವರ ಹೆಸರು ಹಾಕಿ, ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದನ್ನೇ ಆರಿಸಿದ್ದರು.

ಪರದೆಯ ಮೇಲೆ ಚೆಂಡೊಂದು ಮೆಲ್ಲಗೆ ಉರುಳಿ ಬಂತು. ಹಳದಿ ಅಂಗಿಯ ಕೀಪರ್ ಬಗ್ಗಿದ. ಚೆಂಡು ಅವನ ಕಾಲ ಸಂದಿಯಿಂದ ಒಳಗೆ ಹೋಯಿತು. ಎದುರಾಳಿಗಳು ಕುಣಿದರು, ಕಾಮೆಂಟರಿಯವನು ಗಂಟಲು ಹರಿಯುವಂತೆ "ಗೋಲ್" ಎಂದು ಕೂಗಿದ. ನಮ್ಮವರಿಗೆ ಅಷ್ಟೇ ಸಾಕಾಯಿತು. ಹೊಡೆದವರು ಸರ್ ಎಂದೇ ತಿಳಿದು ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. "ಒನ್ಸ್ ಮೋರ್!" ಎಂದರು ಯಾರೋ ಅಂಕಲ್. ಮತ್ತೆ ಹಾಕಿದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಬಗ್ಗೆ, ಆ ಜನರ ಬಗ್ಗೆ, ನಾವಾಡುವ ಭಾಷೆಯ ಬಗ್ಗೆಯೂ ನಾಚಿಕೆ.

"ಏಳವಾ, ಚಪ್ಪಾಳಿ ಹೊಡಿ," ಅಮ್ಮ ತಿವಿದಳು.

"ನೋ, ಮಮ್. ಐ ಕಾಂಟ್."

ತಲೆಯೆತ್ತಿದಾಗ ಸರ್ ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣು ತಪ್ಪಿಸಿದೆ. ಅವರು ಮೈಕಿನ ಮುಂದೆ ಕೈಮುಗಿದು, "ಈ ಗೋಲಿಗೆ ಯಾರೂ ನನಗೆ ಚಪ್ಪಾಳೆ ತಟ್ಟಿರಲಿಲ್ಲ. ಥ್ಯಾಂಕ್ ಯು," ಎಂದರು. ನಗುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ಬಿಸಿಬೇಳೆ ಬಾತ್ ಎರಡು ಸಲ ಹಾಕಿಸಿಕೊಂಡು ಉಂಡರು.

ಈಗ ನಮ್ಮವರ ಮಕ್ಕಳೆಲ್ಲ ಫುಟ್ಬಾಲ್ ಆಡುತ್ತಾರೆ. ಅಪ್ಪಂದಿರು ಮೈದಾನದ ಅಂಚಿಗೆ ನಿಂತು ತಪ್ಪು ಹುಡುಕುತ್ತಾರೆ. ಅಂಥ ಪೆದ್ದು ಚಪ್ಪಾಳೆ ಇನ್ನು ಯಾವ ಹಾಲ್‌ನಲ್ಲೂ ಬೀಳುವುದಿಲ್ಲ. ಸರ್ ತಮ್ಮ ದೇಶಕ್ಕೆ ಮರಳಿ ಹೋದರು. ಅಪ್ಪ ತೀರಿಕೊಂಡರು, ಅದು ತಮ್ಮ ಜೀವನದ ಒಳ್ಳೇ ಸಮಾರಂಭವೆಂದೇ ನಂಬಿಕೊಂಡು. ಅವತ್ತಿನ ನಾಚಿಕೆ ಹೋಗಿಲ್ಲ. ಈಗ ಅದೆಲ್ಲ ನನ್ನ ಬಗ್ಗೆಯೇ. ಅಷ್ಟು ಜನ ಎದ್ದು ನಿಂತಿದ್ದಾಗ, ಆ ಗೋಲನ್ನು ಅವರ ದೇಶದವರ ಕಣ್ಣಿನಿಂದ ನೋಡಿ ಕೂತೇ ಇದ್ದವಳು ನಾನೊಬ್ಬಳೇ.