ಟರ್ಬೊ ಬಾಯಿಗೆ ಬೆಲ್ಲ

ಬಳ್ಳಾರಿಯ ನನ್ನ ಗ್ಯಾರೇಜು ಬಿಟ್ಟು, ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಹಳೇ ಜಪಾನಿ ಸ್ಪೋರ್ಟ್ಸ್ ಕಾರಿಗೆ ಬೇರೆ ಇಂಜಿನ್ ಕೂರಿಸುತ್ತಿದ್ದೆ. ರಭಸವಾಗಿ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಇರುವ, ಹಳೆಯದರ ಎರಡರಷ್ಟು ಶಕ್ತಿಯ ಇಂಜಿನ್. ಗಿರಣಿ ಮಾಲೀಕನ ಹುಚ್ಚು ಅದು. ಕೊನೆಗೂ ಚಾಲೂ ಮಾಡುವ ದಿನ ಬಂತು. ಏರ್ ಫಿಲ್ಟರ್ ಮಾತ್ರ ಇನ್ನೂ ಹಾಕಿರಲಿಲ್ಲ. ಗಾಳಿ ಎಳೆಯುವ ಪೈಪು ತೆರೆದೇ ಇತ್ತು.

ಮಾಲೀಕನ ತಾಯಿ ಪೂಜೆಯ ತಟ್ಟೆ ಹಿಡಿದು ಬಂದರು. ವಿಭೂತಿ ಹಚ್ಚಿದರು, ಊದಿನಕಡ್ಡಿ ಬೆಳಗಿದರು. ನಾನು ಕೀ ತರಲು ತಿರುಗಿದ್ದೇ ತಡ, ನಿಂಬೆಹಣ್ಣಿನಷ್ಟು ಬೆಲ್ಲವನ್ನು ಆ ಪೈಪಿನೊಳಗೆ ಹಾಕಿಬಿಟ್ಟರು.

"ಏನ್ ಮಾಡಿದ್ರಿ ಯವ್ವಾ!" ಎಂದು ಕಿರುಚಿದೆ.

"ಮೊದ್ಲ ಸಲ ಮನಿಗೆ ಬಂದೈತಿ. ಬಾಯಿ ಸಿಹಿ ಮಾಡಬಾರ್ದೇನು ತಮ್ಮಾ?"

"ಅದು ಬಾಯಲ್ರಿ! ಒಳಗ ಬೆಲ್ಲ ಹೋದ್ರ ಟರ್ಬೊ ಪುಡಿಪುಡಿ ಆಗ್ತೈತಿ!"

"ಗಾಳಿ ಎಳಕೊಳ್ಳಾದು ಬಾಯಲ್ದ ಮತ್ತೇನು?"

ಇಂಥವರ ಮನೆಯಲ್ಲಿ ಕೆಲಸ ಹಿಡಿಯಲೇಬಾರದು ಎಂದು ಎಲ್ಲರಿಗೂ ಕೇಳುವಂತೆ ಗೊಣಗುತ್ತಾ ಪೈಪು ಬಿಚ್ಚಿದೆ. ಬೆಲ್ಲ ಟರ್ಬೊದೊಳಗೆ ಹೋಗಿರಲಿಲ್ಲ. ಪೈಪಿನ ಆಳದಲ್ಲಿ ತುರುಕಿದ್ದ ಒಂದು ಬಟ್ಟೆಯ ಮೇಲೆ ಆರಾಮಾಗಿ ಕೂತಿತ್ತು. ಗಿರಣಿಯ ಹೊಟ್ಟಿನ ಧೂಳು ಒಳಹೋಗಬಾರದೆಂದು ವಾರದ ಹಿಂದೆ ನಾನೇ ತುರುಕಿ, ತೆಗೆಯಲು ಮರೆತಿದ್ದ ಬಟ್ಟೆ. ಚಾಲೂ ಮಾಡಿದ್ದರೆ ಬೆಲ್ಲಕ್ಕಿಂತ ಮೊದಲು ಆ ಬಟ್ಟೆಯೇ ಒಳಗೆ ಸಿಕ್ಕಿ ಟರ್ಬೊವನ್ನು ಮುರಿಯುತ್ತಿತ್ತು.

ಯಾರೂ ನೋಡದಂತೆ ಬಟ್ಟೆಯನ್ನು ಜೇಬಿಗಿಳಿಸಿದೆ.

"ಬೆಲ್ಲ ಸಿಕ್ತೇನು?" ಎಂದರು ತಾಯಿ.

"ಸಿಕ್ತ್ರಿ ಯವ್ವಾ."

"ಪ್ರಸಾದ ಐತಿ, ಚೆಲ್ಲಬ್ಯಾಡ. ನೀನ ತಿಂದ್ಬಿಡು."

ಗ್ರೀಸು ಮೆತ್ತಿದ ಬೆಲ್ಲ. ಒಂದು ಚೂರೂ ಬಿಡದೆ, ಕಣ್ಣಿಗೊತ್ತಿಕೊಂಡು ತಿಂದೆ.