ನಾಕೂ ಗಾಲಿ ಎಳೀತಾವೇನು?

ನನ್ನ ಸೋದರಮಾವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸುತ್ತಿಗೆ ಏಟಿಗೆ ಎಂದೋ ಹೋದದ್ದು ಮತ್ತೆ ಬರಲೇ ಇಲ್ಲ. ಬೇಗಂಪೇಟೆಯ ಶೋರೂಮುಗಳಲ್ಲಿ ಆ ಬೋಳು ಬೆರಳಿನಿಂದ ಪ್ರತಿ ಪಿಕಪ್ಪಿನ ಟೈರನ್ನೂ ಒತ್ತಿ ನೋಡುತ್ತಿದ್ದ, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ. ಪಕ್ಕದಲ್ಲಿ ನಿಂತ ನನಗೆ ನಾಚಿಕೆಯಾಗುತ್ತಿತ್ತು.

ಮಾವ ಸೆಂಟ್ರಿಂಗ್ ಮೇಸ್ತ್ರಿ. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಕಂಬ, ಹಲಗೆ ನಿಲ್ಲಿಸುವ ಕೆಲಸ. ರಾಯಚೂರಿನಿಂದ ನನ್ನನ್ನು ಹೈದರಾಬಾದಿಗೆ ಕರೆತಂದು, ಉಪ್ಪಲ್‌ನ ತನ್ನ ಮನೆಯಲ್ಲೇ ಇಟ್ಟುಕೊಂಡು ಅನ್ನ ಹಾಕಿದವನು. ಹಿಂದಿ, ತೆಲುಗು ಅವನ ನಾಲಿಗೆಗೆ ಹತ್ತಲಿಲ್ಲ. ನಾನು ಹೈಸ್ಕೂಲು ಓದಿದವನಾದ್ದರಿಂದ ಹೊರಗಿನ ಮಾತೆಲ್ಲ ನನ್ನ ಪಾಲಿಗೆ. "ನನ್ನ ಬಾಯಿ ಇವನ ಹತ್ರ ಐತ್ರಿ" ಎಂದು ಎಲ್ಲರಿಗೂ ಹೇಳುತ್ತಿದ್ದ.

ಮಾದಾಪುರದ ಆಚೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಕಟ್ಟಡ ಏಳುತ್ತಿತ್ತು, ರಸ್ತೆ ಇರುತ್ತಿರಲಿಲ್ಲ. ಮಳೆ ಬಿದ್ದರೆ ಬಾಡಿಗೆ ಗಾಡಿಯವರು ಒಲ್ಲೆ ಎನ್ನುತ್ತಿದ್ದರು. ಹಲಗೆ ತಲುಪದಿದ್ದರೆ ನಮ್ಮ ಊರಿನ ಆಳುಗಳಿಗೆ ಅಂದಿನ ಕೂಲಿಯಿಲ್ಲ. ಅದಕ್ಕೇ ಮಾವನಿಗೆ ಕೆಸರಿನಲ್ಲಿ ಹೋಗುವಂಥ ಸ್ವಂತ ಗಾಡಿ ಬೇಕಿತ್ತು. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನಾಕೂ ಗಾಲಿ ಎಳೀತಾವೇನು, ಕೇಳು."

ನಾನು "ಫೋರ್ ವ್ಹೀಲರ್ ಹೈ ಕ್ಯಾ?" ಎಂದು ಕೇಳಿದೆ. ಸೇಲ್ಸ್‌ಮನ್ ಬಿದ್ದು ಬಿದ್ದು ನಕ್ಕ. "ಆಟೋ ದಿಖ್ರಾ ಕ್ಯಾ ಮಿಯಾ?" ಎಂದ, ಇದೇನು ಮೂರು ಗಾಲಿಯ ಆಟೋ ಹಾಗೆ ಕಾಣುತ್ತದೇನು ಎಂದು. ಆಮೇಲೆ ಬಿಡಿಸಿ ಹೇಳಿದ: ಈ ಗಾಡಿಯಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಗಾಲಿಗೆ ಮಾತ್ರ, ಮುಂದಿನವು ಬರೀ ದಿಕ್ಕು ಹೊರಳಿಸಲಿಕ್ಕೆ. ಡಾಂಬರು ರಸ್ತೆಗೆ ಸಾಕು. ನಾಲ್ಕಕ್ಕೂ ಬಲ ಹೋಗುವುದು ಬೇಕಾದರೆ ಆರ್ಡರ್ ಕೊಟ್ಟು ಕಾಯಬೇಕು.

ಕಾಯುವುದೆಂದರೆ ಮತ್ತೆ ಶೋರೂಮು, ಮತ್ತೆ ಟೈರು, ಮತ್ತೆ ಅದೇ ಪ್ರಶ್ನೆ. ಹೊಟ್ಟೆ ಹಸಿದಿತ್ತು, ತಲೆ ಕೆಟ್ಟಿತ್ತು.

"ಏನಂತಾನೋ ಅಳಿಯಾ? ನಾಕೂ ಎಳೀತಾವಂತೇನು?"

"ನಾಕೂ ತಿರಗತಾವಂತ ಮಾವಾ."

ಸುಳ್ಳೇನಲ್ಲ. ಯಾವ ಗಾಡಿಯಲ್ಲಿ ನಾಲ್ಕೂ ಗಾಲಿ ತಿರುಗುವುದಿಲ್ಲ? ಮಾವ ಕುಣಿಯುವುದೊಂದು ಬಾಕಿ. ಅದೇ ಗಾಡಿ ಕೊಂಡು, ಪೂಜೆಗೆ ತೆಂಗಿನಕಾಯಿ ತರಲು ನನ್ನನ್ನೇ ಓಡಿಸಿದ.

ಆ ಮಳೆಗಾಲದಲ್ಲೇ ಒಂದು ಏರಿನಲ್ಲಿ ಗಾಡಿ ಹೂತುಕೊಂಡಿತು. ಹಿಂದಿನ ಗಾಲಿಗಳು ಇದ್ದಲ್ಲೇ ಗರಗರ ತಿರುಗಿದವು. ಮಾವ ಇಳಿದು ಗಾಲಿಯಡಿಗೆ ಹಲಗೆ ಕೊಟ್ಟ. ಡ್ರೈವರ್ ಎಕ್ಸಿಲರೇಟರ್ ಒತ್ತಿದೊಡನೆ ಹಲಗೆ ಸಿಡಿದು ಮಾವನ ಮೊಣಕಾಲಿಗೆ ಬಡಿಯಿತು. ಮತ್ತೆ ಅವನು ಕಟ್ಟಡದ ಸಾರುವೆ ಹತ್ತಿ ಕೆಲಸ ಮಾಡಲಿಲ್ಲ.

ನೋಡಲು ಬಂದವರಿಗೆಲ್ಲ ಮಂಚದ ಮೇಲಿಂದಲೇ ಹೇಳುತ್ತಿದ್ದ: "ನಾಕೂ ಗಾಲಿ ಎಳದ್ರೂ ಬರಲಿಲ್ಲ ನೋಡ್ರಿ, ಎಂಥಾ ಕೆಸರಿರಬೇಕು! ಗಾಡಿದೇನೂ ತಪ್ಪಿಲ್ಲ. ನಮ್ಮ ಅಳಿಯ ಕೇಳಿ ಆರಿಸಿದ್ದು." ಆ ಹೊಗಳಿಕೆ ಕೇಳಲಾಗದೆ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಇವತ್ತು ನನ್ನ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಗಾಡಿ ಮಾರುವಾಗ ಕೊಳ್ಳಲು ಬಂದವನು ಕಲಬುರಗಿಯವನು. ನನ್ನ ನೆರವು ಬೇಕಾಗಲಿಲ್ಲ. ಬಗ್ಗಿ ಅಡಿಯಲ್ಲಿ ನೋಡಿ, "ಯಜಮಾನ್ರ, ನಾಕೂ ಎಳೀತಾವಂತ ಯಾರು ಹೇಳ್ಯಾರ್ರಿ ನಿಮಗ? ಎಳಿಯೂದು ಹಿಂದಿನವು ಎರಡೇ" ಎಂದ.

ಮಾವ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. "ಇವರಿಗೆ ಚಾ ತರಸು" ಎಂದ, ಅಷ್ಟೇ.

ಆಮೇಲೂ ಪ್ರೀತಿಗೇನೂ ಕಡಿಮೆಯಾಗಲಿಲ್ಲ. ನನ್ನ ಮದುವೆಯನ್ನೂ ಅವನೇ ನಿಂತು ಮಾಡಿದ. ಬೈಯಲಿಲ್ಲ, ಕಾರಣವನ್ನೂ ಕೇಳಲಿಲ್ಲ. ಬೈದಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆನೇನೋ.

ಅವನ ಕೊನೆಗಾಲದಲ್ಲಿ, ಆಸ್ಪತ್ರೆಯಲ್ಲಿ, ಡಾಕ್ಟರು ಅವನಿಗೆ ತೆಲುಗಿನಲ್ಲಿ ಕಾಯಿಲೆಯ ವಿಷಯ ತಿಳಿಸಿ ಹೋದರು. ಮಂಚದ ಬದಿಯಲ್ಲೇ ನಾನಿದ್ದೆ, ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆದಿದ್ದೆ. ಮಾವ ನನ್ನ ಕೈಯನ್ನು ಮೆಲ್ಲಗೆ ತಟ್ಟಿ, ಅಲ್ಲೇ ನೆಲ ಒರೆಸುತ್ತಿದ್ದ ನಮ್ಮ ಸೀಮೆಯ ಹೆಂಗಸನ್ನು ಕರೆದ.

"ಯವ್ವಾ, ಡಾಕ್ಟರ್ ಏನಂದ್ರು? ನೀ ಹೇಳು."